ಹೂವು, ಎಸಳು, ಓಲೆ: ಸೇಲಂ–ಧರ್ಮಪುರಿ ಸೀಮೆಯ ಕನ್ನಡ ಮನೆಗಳಲ್ಲಿ

ಬದುಕಿನಲ್ಲಿ ಬರಿಯ ಮಾತು ಸಾಲದು ಎನಿಸುವ ಕೆಲವು ದಿನಗಳು ಬರುತ್ತವೆ. ಮದುವೆ ಗೊತ್ತಾದಾಗ, ಬಸಿರಿಗೆ ಸೀಮಂತ ಮಾಡುವಾಗ, ಹಬ್ಬ ಬಂದಾಗ, ಹಿರಿಯರೊಬ್ಬರು ತೀರಿಕೊಂಡಾಗ ಜನ ಎರಡು ವಸ್ತುಗಳನ್ನು ಆಶ್ರಯಿಸುತ್ತಾರೆ: ಒಂದು ಹೂವು, ಇನ್ನೊಂದು ಓಲೆ. ಓಲೆ ಎಂದರೆ ಇಲ್ಲಿ ಲಗ್ನಪತ್ರಿಕೆ, ಆಮಂತ್ರಣ, ಶುಭಾಶಯ ಪತ್ರ ಮೊದಲಾದ ಎಲ್ಲ ಬಗೆಯ ಕಾರ್ಡುಗಳು. ಹೂವು ಅಕ್ಷರದ ಹಂಗಿಲ್ಲದೆ ತನ್ನ ಅರ್ಥವನ್ನು ತಿಳಿಸುತ್ತದೆ. ಓಲೆಗೆ ಅಕ್ಷರ ಬೇಕು. ಒಂದೇ ಭಾಷೆಯ ಊರಿನಲ್ಲಿ ಇವುಗಳ ಆಯ್ಕೆ ಅಭಿರುಚಿಗೆ ಮತ್ತು ಹಣಕಾಸಿಗೆ ಸಂಬಂಧಿಸಿದ್ದು. ಎರಡು ಭಾಷೆಗಳು ಕೂಡಿ ಬಾಳುವ ಸೀಮೆಯಲ್ಲಿ ಇದೇ ಆಯ್ಕೆ ಮನೆಮಾತಿನ ಸ್ಥಿತಿಗತಿಯನ್ನೂ ತೋರಿಸುತ್ತದೆ. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳು ಇದಕ್ಕೆ ಒಳ್ಳೆಯ ನಿದರ್ಶನ.

ಈ ಸೀಮೆಯಲ್ಲಿ ಕನ್ನಡ ಹೊಸದಾಗಿ ಬಂದ ಭಾಷೆಯಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ದೊರೆತ, ನೊಳಂಬ ಮಹೇಂದ್ರನ ಕಾಲದ ಶಕ 815ರ, ಎಂದರೆ ಕ್ರಿ.ಶ. 893ರ ಕನ್ನಡ ಶಾಸನವು ತಗಡೂರಿನಲ್ಲಿ ಕಟ್ಟಿಸಿದ ಬಸದಿಗೆ ಊರೊಂದನ್ನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಮುಂದೆ ಬಾರಾಮಹಲ್ ಎನಿಸಿಕೊಂಡ ಈ ನಾಡು 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರ್ಪಟ್ಟವು. ಮಗ್ಗವನ್ನು ನಂಬಿದ ದೇವಾಂಗರು, ಲಿಂಗಾಯತರು, ಕುರುಬರು ಮೊದಲಾದ ಸಮುದಾಯಗಳಲ್ಲಿ ಕನ್ನಡ ಮಾತನಾಡುವ ಮನೆಗಳು ಇಲ್ಲಿ ಇಂದಿಗೂ ಇವೆ.

‘ಪೂ’ ಮತ್ತು ‘ಹೂ’

ಹೂವಿನ ಅಂಗಡಿಯ ಮುಂದೆ ನಿಂತಾಗ ಈ ಸೀಮೆಯ ಕನ್ನಡಿಗನಿಗೆ ಭಾಷೆಯ ತೊಡಕು ಅಷ್ಟಾಗಿ ಕಾಡುವುದಿಲ್ಲ. ತಮಿಳಿನ ‘ಪೂ’ ನಮ್ಮ ಹಳಗನ್ನಡದ ‘ಪೂ’ವೇ ಆಗಿದೆ. ಪದದ ಮೊದಲಿನ ಪಕಾರವು ಹಕಾರವಾದದ್ದು ಕನ್ನಡದಲ್ಲಿ ಮಾತ್ರ. ಸುಮಾರು 10ನೆಯ ಶತಮಾನದಿಂದ ಕಾಣಿಸಿಕೊಂಡ ಈ ಬದಲಾವಣೆ ನಡುಗನ್ನಡದ ಕಾಲಕ್ಕೆ ನೆಲೆಗೊಂಡಿತು. ಇದಕ್ಕೆ ಸಾಕ್ಷಿ ಧರ್ಮಪುರಿ ಜಿಲ್ಲೆಯ ನೆಲದ ಮೇಲೆಯೇ ಇದೆ. ಕಾವೇರಿ ಧುಮ್ಮಿಕ್ಕುವ ಸ್ಥಳದ ಹೆಸರು ಹೊಗೇನಕಲ್. ತಮಿಳಿನಲ್ಲಿ ಹೊಗೆಗೆ ‘ಪುಗೈ’ ಎನ್ನುತ್ತಾರೆ. ಊರಿನ ಹೆಸರಿನಲ್ಲಿ ಉಳಿದಿರುವುದು ಕನ್ನಡದ ‘ಹೊಗೆ’.

ಹೂವಿನ ಕಸುಬಿನ ಮಾತುಗಳೂ ಹೀಗೆಯೇ ಸಮೀಪದವು. ಹೂವನ್ನು ಎರಡು ಭಾಷೆಗಳಲ್ಲಿಯೂ ‘ಕಟ್ಟು’ತ್ತಾರೆ, ಬಾಳೆಯ ‘ನಾರಿ’ನಲ್ಲಿ ಕಟ್ಟುತ್ತಾರೆ. ಕಟ್ಟಿದ ಹೂವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುವ ಅಳತೆ ತಮಿಳಿನಲ್ಲಿ ‘ಮುೞಂ’, ಕನ್ನಡದಲ್ಲಿ ‘ಮೊಳ’. ಹೂವಿನ ಜತೆ ಸೇರಿದ ನಾರೂ ಸುವಾಸನೆ ಪಡೆಯುತ್ತದೆ ಎಂದು ತಮಿಳರು ಹೇಳಿದರೆ, ಹೂವಿನೊಡನೆ ನಾರೂ ಸ್ವರ್ಗ ಕಂಡಿತು ಎಂದು ಕನ್ನಡಿಗರು ಹೇಳುತ್ತಾರೆ. ಮಲ್ಲಿಗೆ, ಕಾಕಡ, ಕನಕಾಂಬರಗಳಿಗೆ ಉಭಯ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು.

ಆದರೆ ಸಾಮ್ಯವನ್ನು ಪೂರ್ತಿ ನಂಬಿದವರು ಮೋಸಹೋಗುವ ಎರಡು ಸಂದರ್ಭಗಳಿವೆ. ಸೇಲಂ ಪೇಟೆಯಲ್ಲಿ ‘ಸಂಪಂಗಿ’ ಎಂದು ಕೇಳಿದರೆ ಸಿಗುವುದು ಉದ್ದ ಕೊಳವೆಯ ಬಿಳಿಯ ಹೂವು, ಕನ್ನಡದಲ್ಲಿ ಸುಗಂಧರಾಜ. ಕನ್ನಡದ ಸಂಪಿಗೆ ಬೇಕಾದವರು ‘ಶೆಣ್ಬಗಂ’ ಎಂದು ಕೇಳಬೇಕು. ಎರಡನೆಯದು ‘ಅರಳಿ’. ಕನ್ನಡದಲ್ಲಿ ಅರಳಿ ಎಂದರೆ ಕಟ್ಟೆಯ ಮೇಲಿನ ಅಶ್ವತ್ಥ. ತಮಿಳಿನಲ್ಲಿ ‘ಅರಳಿ’ ಎಂದರೆ ಕಣಗಿಲೆ. ಸೇಲಂ ಬಳಿಯ ಪನಮರತ್ತುಪಟ್ಟಿಯ ಸುತ್ತಮುತ್ತಲಿನ ರೈತರು ಬೆಳೆಯುವ ಅರಳಿ ಈ ಕಣಗಿಲೆಯೇ. ಅದು ದೇವರ ಮಾಲೆಗೆ ಯೋಗ್ಯವಾದ ಹೂವು. ಗಿಡದ ಎಲ್ಲ ಭಾಗಗಳೂ ವಿಷವಾದುದರಿಂದ ಮುಡಿಯುವುದಕ್ಕೂ ಮಕ್ಕಳ ಕೈಗೆ ಕೊಡುವುದಕ್ಕೂ ತಕ್ಕುದಲ್ಲ. ಹೆಸರು ಒಂದಾಗಿದ್ದರೂ ವಸ್ತು ಒಂದಾಗಿರಬೇಕೆಂದಿಲ್ಲ ಎಂಬ ನಿಘಂಟುಶಾಸ್ತ್ರದ ಪಾಠವನ್ನು ಹೂವಾಡಗಿತ್ತಿಯ ಬುಟ್ಟಿ ಹೀಗೆ ಸುಲಭವಾಗಿ ಕಲಿಸುತ್ತದೆ.

ಸಂದರ್ಭಕ್ಕೆ ತಕ್ಕ ಹೂವು

ಹೂವಿಗೊಂದು ಅರ್ಥವನ್ನು ಗೊತ್ತುಪಡಿಸಿ ಅದನ್ನು ಸಂಜ್ಞೆಯಾಗಿ ಬಳಸುವ ಪದ್ಧತಿಯನ್ನು ಯುರೋಪಿನ ಕೊಡುಗೆಯೆಂದು ಹಲವರು ತಿಳಿದಿದ್ದಾರೆ. ಶಾರ್ಲೋಟ್ ದ ಲಾತೂರ್ ಎಂಬ ಹೆಸರಿನಲ್ಲಿ 1819ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ‘ಹೂಗಳ ಭಾಷೆ’ ಎಂಬ ಪುಸ್ತಕದಿಂದ ಅಲ್ಲಿ ಆ ಹವ್ಯಾಸ ಬೆಳೆದುದು ನಿಜ. ಕೆಂಪು ಗುಲಾಬಿ ಪ್ರೇಮಕ್ಕೆ ಎಂಬ ಇಂದಿನ ಕಲ್ಪನೆ ಆ ದಾರಿಯಲ್ಲಿ ಬಂದದ್ದು. ಮೊದಲು ಧರ್ಮಪುರಿ ಜಿಲ್ಲೆಯಲ್ಲಿದ್ದು ಈಗ ಕೃಷ್ಣಗಿರಿಗೆ ಸೇರಿರುವ ಹೊಸೂರಿನ ಪಾಲಿಹೌಸುಗಳಲ್ಲಿ ಬೆಳೆಯುವ ‘ತಾಜ್ ಮಹಲ್’ ಎಂಬ ಕೆಂಪು ಗುಲಾಬಿಯ ತಳಿ ಪ್ರತಿ ಫೆಬ್ರವರಿಯಲ್ಲಿ ದೂರದ ಪೇಟೆಗಳಿಗೆ ಹೋಗುವುದಕ್ಕೂ ಅದೇ ಕಲ್ಪನೆ ಕಾರಣ.

ಆದರೆ ತಮಿಳಿನ ಪ್ರಾಚೀನ ಲಕ್ಷಣಗ್ರಂಥವಾದ ತೊಲ್ಕಾಪ್ಪಿಯಂ ಇದಕ್ಕಿಂತ ಬಹು ಹಿಂದೆಯೇ ಯುದ್ಧದ ಒಂದೊಂದು ಹಂತಕ್ಕೂ ಒಂದೊಂದು ಹೂವಿನ ಹೆಸರನ್ನು ಕೊಟ್ಟಿತ್ತು. ತುರುಗಳನ್ನು ಸೆರೆಹಿಡಿಯುವುದು ‘ವೆಟ್ಚಿ’, ಇದಿರಾಗಿ ಕಾದುವುದು ‘ತುಂಬೈ’, ಗೆಲುವು ‘ವಾಗೈ’. ತುಂಬೈ ನಮ್ಮ ತುಂಬೆ. ವಾಗೈ ನಮ್ಮ ಬಾಗೆ ಮರ. ತಮಿಳಿನ ಮೊದಲ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವ ನಿಯಮವನ್ನು ‘ವೇರ್–ಬೇರು’ಗಳಲ್ಲಿ ಕಲಿತ ವಿದ್ಯಾರ್ಥಿಗಳಿಗೆ ಇದು ಇನ್ನೊಂದು ಉದಾಹರಣೆ. ಸಂಗಂ ಸಾಹಿತ್ಯದ ಪ್ರಸಿದ್ಧ ದೊರೆ ಅದಿಯಮಾನ್ ಆಳಿದ್ದು ಇದೇ ತಗಡೂರನ್ನು. ಹೀಗಾಗಿ ಯಾವ ಸಂದರ್ಭಕ್ಕೆ ಯಾವ ಹೂವು ಎಂಬ ವಿಚಾರ ಈ ಮಣ್ಣಿನಲ್ಲಿ ಬಹಳ ಹಳೆಯದು.

ಇಂದಿನ ಮನೆಗಳಲ್ಲಿ ಆ ವಿವೇಕ ಹೀಗೆ ನಡೆಯುತ್ತದೆ. ವಿವಾಹ ನಿಶ್ಚಯದಲ್ಲಿ ವರನ ಕಡೆಯ ಹೆಂಗಸರು ಕನ್ನೆಗೆ ಹೂ ಮುಡಿಸುತ್ತಾರೆ. ತಮಿಳಿನಲ್ಲಿ ಇದು ‘ಪೂ ವೈತ್ತಲ್’, ಕನ್ನಡದಲ್ಲಿ ಹೂ ಮುಡಿಸುವ ಶಾಸ್ತ್ರ. ಹೂ ಮುಡಿಸಿದರೆ ಮಾತು ಕೊಟ್ಟಂತೆ. ಇಲ್ಲಿ ಬೇಕಾದದ್ದು ಮಲ್ಲಿಗೆ, ಏಕೆಂದರೆ ಅದರ ಕಂಪು ಬಂದವರಿಗೆಲ್ಲ ಸುದ್ದಿಯನ್ನು ಮುಟ್ಟಿಸುತ್ತದೆ. ಮಲ್ಲಿಗೆಯನ್ನು ಬೆಳಗಿನ ಜಾವ ಮೊಗ್ಗಾಗಿಯೇ ಬಿಡಿಸುತ್ತಾರೆ. ಅದು ಅರಳುವುದು ಸಂಜೆಗೆ. ಸಂಜೆಯ ಆರತಕ್ಷತೆಗೆ ಅಂದಿನ ಮೊಗ್ಗು ಸಾಕು. ನಸುಕಿನ ಮುಹೂರ್ತಕ್ಕಾದರೆ ಹಿಂದಿನ ದಿನವೇ ಕಟ್ಟಿಸಿ ಒದ್ದೆ ಬಟ್ಟೆಯಲ್ಲಿಯೋ ಬಾಳೆ ಎಲೆಯಲ್ಲಿಯೋ ತಂಪಾಗಿ ಇಡಬೇಕು.

ಕನಕಾಂಬರಕ್ಕೆ ಬಣ್ಣವಿದೆ, ವಾಸನೆಯಿಲ್ಲ. ಮಲ್ಲಿಗೆಗಿಂತ ಹೆಚ್ಚು ಹೊತ್ತು ಬಾಡದೆ ನಿಲ್ಲುತ್ತದೆ. ಮರಾಠಿಯಲ್ಲಿ ಇದರ ಹೆಸರು ‘ಅಬೋಲಿ’, ಎಂದರೆ ಮಾತಾಡದವಳು. ಕಂಪಿಲ್ಲದ ಹೂವು ಮೌನಿಯೆಂಬ ಆ ಕಲ್ಪನೆ ಸೊಗಸಾಗಿದೆ. ಮಾತಾಡದ ಕನಕಾಂಬರದ ಜತೆಗೆ ಮಲ್ಲಿಗೆಯನ್ನೂ ತಮಿಳರು ‘ಮರಿಕ್ಕೊೞುಂದು’ ಎನ್ನುವ ದವನವನ್ನೂ ಸೇರಿಸಿ ಕಟ್ಟಿದರೆ ಅದು ‘ಕದಂಬ’. ಬಣ್ಣ ಒಂದರದು, ಕಂಪು ಇನ್ನೊಂದರದು, ಹಸಿರು ಮತ್ತೊಂದರದು. ಸೀಮಂತದ ಮೊಗ್ಗಿನ ಜಡೆಗೂ ಹಬ್ಬದ ದಿನದ ಮುಡಿಗೂ ಇಂಥ ಕೂಡಿಕೆ ಒಪ್ಪುತ್ತದೆ.

ಶಿವಪೂಜೆಯ ಮನೆಗಳಲ್ಲಿ ಬಿಲ್ವಪತ್ರೆ ಮತ್ತು ತುಂಬೆಗೆ ಮನ್ನಣೆ. ಕೇದಗೆಯನ್ನು ಶಿವನಿಗೆ ಏರಿಸುವುದಿಲ್ಲವೆಂಬುದು ಹಳೆಯ ನಂಬಿಕೆ. ಅಂಥ ಮನೆಗೆ ಗೃಹಪ್ರವೇಶಕ್ಕೆ ಹೋಗುವವರು ಪರಿಮಳವನ್ನು ಮೆಚ್ಚಿ ಕೇದಗೆ ಒಯ್ದರೆ ಅದು ದೇವರ ಜಗಲಿಗೆ ಸಲ್ಲದು. ಹೂವಿನ ಆಯ್ಕೆಯಲ್ಲಿ ಕೊಡುವವರ ಮೆಚ್ಚುಗೆಗಿಂತ ಪಡೆಯುವ ಮನೆಯ ನಡವಳಿಕೆ ಮುಖ್ಯ ಎಂಬುದಕ್ಕೆ ಇದೊಂದು ದೃಷ್ಟಾಂತ.

ಸಂಕ್ರಾಂತಿಯ ಹೂವನ್ನು ಕೊಳ್ಳಬೇಕಾಗಿಯೇ ಇಲ್ಲ. ಪೊಂಗಲ್ಲಿನ ಹಿಂದಿನ ದಿನ ಈ ಭಾಗದಲ್ಲಿ ‘ಕಾಪ್ಪು ಕಟ್ಟು’ವ ವಾಡಿಕೆಯಿದೆ. ಬೇವಿನ ಸೊಪ್ಪು, ಹಳದಿಯ ಆವರಿಕೆ ಹೂವು ಮತ್ತು ತಮಿಳಿನಲ್ಲಿ ‘ಪೂಳೈಪ್ಪೂ’ ಎನ್ನುವ ಬೆಳ್ಳನೆಯ ಕಾಡುಹೂವು, ಈ ಮೂರನ್ನು ಸೇರಿಸಿ ಕಟ್ಟಿದ ಗೊಂಚಲನ್ನು ಮನೆಯ ಮುಂಭಾಗದಲ್ಲಿ ಸಿಕ್ಕಿಸುತ್ತಾರೆ. ಇವೆಲ್ಲ ಹೊಲದ ಬದುವಿನಲ್ಲಿ, ಬೀಳು ನೆಲದಲ್ಲಿ ತಾವಾಗಿ ಬೆಳೆಯುವ ಗಿಡಗಳು. ವರ್ಷದ ದೊಡ್ಡ ಹಬ್ಬಕ್ಕೆ ಬಡವನೂ ಬಲ್ಲಿದನೂ ಒಂದೇ ಹೂವನ್ನು ತರುವಂತೆ ಮಾಡಿದ ಈ ಪದ್ಧತಿಯ ಹಿಂದೆ ಹಿರಿಯರ ಔಚಿತ್ಯಪ್ರಜ್ಞೆ ಕಾಣುತ್ತದೆ.

ಸುಗಂಧರಾಜದ ಮಾಲೆ ಮದುವೆಯಲ್ಲಿಯೂ ಇರುತ್ತದೆ, ಅಂತಿಮ ದರ್ಶನದಲ್ಲಿಯೂ ಇರುತ್ತದೆ. ಮದುವೆಯಲ್ಲಿ ವಧೂವರರು ಅದನ್ನು ಪರಸ್ಪರ ಹಾಕುತ್ತಾರೆ; ಸಾವಿನಲ್ಲಿ ಮರಳಿ ಹಾಕುವ ಕೈ ಇರುವುದಿಲ್ಲ. ಹೂವು ಅದೇ, ಅರ್ಥವನ್ನು ಕೊಡುವುದು ಸಂದರ್ಭ.

ಹೂವು ಕೆಲವರನ್ನು ಹೊರಗಿಟ್ಟದ್ದೂ ಉಂಟು. ಗಂಡ ತೀರಿಕೊಂಡ ಹೆಣ್ಣಿಗೆ ಹೂವು ಕುಂಕುಮಗಳನ್ನು ನಿರಾಕರಿಸಿದ ಸಂಪ್ರದಾಯ ಕನ್ನಡ, ತಮಿಳು, ಮರಾಠಿ ಸಮಾಜಗಳಿಗೆ ಸಮಾನ. ಮೂರೂ ನಾಡುಗಳಲ್ಲಿ ಶುಭಕಾರ್ಯದ ಹೂವಿನ ತಟ್ಟೆ ಅಂಥವರ ಮುಂದೆ ನಿಲ್ಲದೆ ದಾಟಿಹೋಗುತ್ತಿತ್ತು. ಇಂದು ತಟ್ಟೆ ಹಿಡಿದವರು ಅಲ್ಲಿಯೂ ನಿಲ್ಲಬಹುದು. ಹೂವಿನ ಆಯ್ಕೆಯನ್ನು ಕುರಿತು ಮಾತನಾಡುವಾಗ ಹೂವು ಯಾರಿಗೆ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ.

ಕರೆಯುವ ಎಸಳು

ಓಲೆ ಎಂಬ ಪದ ಎರಡು ಭಾಷೆಗಳಿಗೂ ಸೇರಿದ್ದು. ಮೊದಲ ಅರ್ಥ ತಾಳೆಗರಿ. ಮುದ್ರಿತ ಶುಭಾಶಯ ಪತ್ರವಾದರೋ ಅಂಚೆಯ ಕೂಸು. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದಿತು. ಮೂರು ವರ್ಷಗಳ ಬಳಿಕ, 1843ರಲ್ಲಿ, ಹೆನ್ರಿ ಕೋಲ್ ಎಂಬವರು ಜಾನ್ ಹಾರ್ಸ್ಲಿಯಿಂದ ಚಿತ್ರ ಬರೆಯಿಸಿ ಮೊದಲ ಕ್ರಿಸ್ಮಸ್ ಕಾರ್ಡನ್ನು ಮಾರಾಟಕ್ಕೆ ತಂದರು. ಭಾರತದಲ್ಲಿ 1879ರಲ್ಲಿ ಕಾಲಾಣೆಯ ಅಂಚೆಕಾರ್ಡು ಆರಂಭವಾಯಿತು. ತಮಿಳುನಾಡಿನಲ್ಲಿ ಈ ಪದ್ಧತಿ ಪೊಂಗಲ್ ಹಬ್ಬಕ್ಕೆ ಒಗ್ಗಿಕೊಂಡಿತು. ಕಬ್ಬು, ಹೊಸ ಮಡಕೆ, ಎತ್ತುಗಳ ಚಿತ್ರವಿದ್ದ, ಕೆಲವೊಮ್ಮೆ ಚಲನಚಿತ್ರ ನಟರ ಮುಖವಿದ್ದ ‘ಪೊಂಗಲ್ ವಾೞ್ತು’ ಕಾರ್ಡುಗಳು ಶಿವಕಾಶಿಯ ಮುದ್ರಣಾಲಯಗಳಿಂದ ಹೊರಟು ಊರೂರ ಅಂಗಡಿಗಳಲ್ಲಿ ತೂಗಾಡಿದವು. ಇದೇ ಹಬ್ಬಕ್ಕೆ ಬೆಳಗಾವಿ, ಧಾರವಾಡಗಳ ಕಡೆ ಸಂಕ್ರಾಂತಿಯ ಶುಭಾಶಯ ಪತ್ರದೊಳಗೆ ಕುಸುರೆಳ್ಳಿನ ಪುಟ್ಟ ಪೊಟ್ಟಣವನ್ನಿಟ್ಟು ಅಂಚೆಗೆ ಹಾಕುತ್ತಿದ್ದರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು ಎಂಬ ಕನ್ನಡದ ಹಾರೈಕೆಯೂ, ಎಳ್ಳುಬೆಲ್ಲ ಕೊಂಡು ಸಿಹಿಸಿಹಿಯಾಗಿ ಮಾತಾಡಿ ಎಂಬ ಮರಾಠಿಯ ಹಾರೈಕೆಯೂ ಆ ಪೊಟ್ಟಣದ ಜತೆಗಿರುತ್ತಿದ್ದವು. ಮೊಬೈಲ್ ಫೋನು ಎರಡೂ ಕಡೆ ಈ ಪತ್ರಗಳನ್ನು ಬಹುಮಟ್ಟಿಗೆ ನಿಲ್ಲಿಸಿತು. ಅಚ್ಚಿನಲ್ಲಿ ಗಟ್ಟಿಯಾಗಿ ಉಳಿದದ್ದು ಲಗ್ನಪತ್ರಿಕೆ.

ಲಗ್ನಪತ್ರಿಕೆಯನ್ನು ಓದಲು ತಿಳಿದವರಿಗೆ ಅದೊಂದು ಸಣ್ಣ ಶಾಸನ. ತಲೆಯಲ್ಲಿ ತಮಿಳು ಮನೆಯವರು ‘ಪಿಳ್ಳೈಯಾರ್ ಸುೞಿ’ ಎಂಬ ಉಕಾರದ ಗುರುತನ್ನು ಹಾಕುತ್ತಾರೆ. ಕನ್ನಡದವರು ಶ್ರೀಕಾರವನ್ನು ಹಾಕುತ್ತಾರೆ. ದೇವಾಂಗರ ಪತ್ರಿಕೆಯಲ್ಲಿ ಚೌಡೇಶ್ವರಿಯ ಹೆಸರು ಮೊದಲು ಬರುತ್ತದೆ. ಅನೇಕ ತಮಿಳು ಪತ್ರಿಕೆಗಳಲ್ಲಿ ಕ್ರಿಸ್ತಶಕಕ್ಕೆ 31 ಕೂಡಿಸಿದ ತಿರುವಳ್ಳುವರ್ ವರ್ಷವಿರುತ್ತದೆ. ಕನ್ನಡದವುಗಳಲ್ಲಿ ಸಾಮಾನ್ಯವಾಗಿ ಕ್ರಿಸ್ತಶಕದಿಂದ 78 ಕಳೆದ ಶಾಲಿವಾಹನ ಶಕೆ. ತಮಿಳರ ತಿಂಗಳು ಸೌರಮಾನದ್ದು, ಕನ್ನಡಿಗರದು ಚಾಂದ್ರಮಾನದ್ದು. ಮದುವೆಗೆ ಸಲ್ಲದೆಂದು ಬಿಡುವ ತಮಿಳರ ‘ಆಡಿ’ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕನ್ನಡಿಗರ ಆಷಾಢ ಅದಕ್ಕೆ ಕೆಲವು ವಾರ ಮೊದಲೇ ಆರಂಭವಾಗುವುದು ರೂಢಿ. ಎರಡೂ ಕಡೆಯ ನೆಂಟರನ್ನು ಕರೆಯುವ ಮನೆ ಎರಡನ್ನೂ ತಪ್ಪಿಸಿ ದಿನ ಗೊತ್ತುಮಾಡಬೇಕಾಗುತ್ತದೆ. ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದು ಮಾತ್ರ ಉಭಯತ್ರ ಸಮಾನ. ಓದಲು ಬಾರದವರಿಗೂ ಒಳಗಿರುವುದು ಶುಭವಾರ್ತೆಯೆಂದು ಹಳದಿ ಬಣ್ಣ ತಿಳಿಸುತ್ತದೆ.

ಆಮಂತ್ರಣ ಪತ್ರಿಕೆಗೆ ತಮಿಳಿನ ಹೆಸರು ‘ಅೞೈಪ್ಪಿದೞ್’. ‘ಅೞೈಪ್ಪು’ ಎಂದರೆ ಕರೆ. ‘ಇದೞ್’ ಎಂದರೆ ಹೂವಿನ ಎಸಳು, ತುಟಿ, ಪತ್ರಿಕೆ. ಕನ್ನಡದ ಎಸಳು ಈ ಇದೞಿನ ದಾಯಾದಿ ಪದ. ಕರೆಯೋಲೆಯೆಂಬುದು ತಮಿಳಿನಲ್ಲಿ ‘ಕರೆಯುವ ಎಸಳು’. ಹೂವೂ ಕಾರ್ಡೂ ಇಲ್ಲಿ ಒಂದೇ ಪದದಲ್ಲಿ ಕೂಡಿವೆ.

ಅಕ್ಷರದ ಪ್ರಶ್ನೆ

ಕನ್ನಡ ಮನೆಯ ನಿಜವಾದ ಇಕ್ಕಟ್ಟು ಇಲ್ಲಿ ಆರಂಭವಾಗುತ್ತದೆ. ಸೇಲಂ ನಗರದ ದೇವಾಂಗರ ಮನೆಗಳಲ್ಲಿ ಕನ್ನಡ ಆಡುಮಾತಾಗಿ ಬಾಳುತ್ತಿದೆ, ಓದುಬರೆಹ ತಮಿಳಿನದು. ಅಜ್ಜಿ ಮೊಮ್ಮಗಳಿಗೆ ಕನ್ನಡದಲ್ಲಿ ಹರಸುತ್ತಾಳೆ, ಆದರೆ ಆ ಹರಕೆಯನ್ನು ಇಬ್ಬರೂ ಕನ್ನಡದಲ್ಲಿ ಬರೆಯಲಾರರು. ಹೊಸೂರು, ಡೆಂಕಣಿಕೋಟೆಗಳ ಕಡೆ ಕನ್ನಡ ಶಾಲೆಗಳುಂಟು. ದಕ್ಷಿಣಕ್ಕೆ ಬಂದಂತೆ ಆ ಆಸರೆ ಇಲ್ಲವಾಗುತ್ತದೆ. 2006ರ ತಮಿಳು ಕಲಿಕೆಯ ಕಾಯಿದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ನೆರೆಹೊರೆಯವರ ಭಾಷೆಯನ್ನು ಕಲಿಯುವುದು ಲಾಭವೇ. ತನ್ನ ಮಾತಿನ ಲಿಪಿ ಮನೆಯಿಂದ ಜಾರಿಹೋಗುವುದು ಮಾತ್ರ ನಷ್ಟ. ಆ ನಷ್ಟ ಲಗ್ನಪತ್ರಿಕೆ ಅಚ್ಚು ಹಾಕಿಸುವ ದಿನ ಕಣ್ಣಿಗೆ ಬೀಳುತ್ತದೆ.

ತಮಿಳು ಲಿಪಿಯಲ್ಲಿಯೇ ಕನ್ನಡವನ್ನು ಬರೆಯಬಹುದಲ್ಲವೆ ಎಂದು ಕೇಳುವುದುಂಟು. ಬರೆಯಬಹುದು, ಆದರೆ ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ, ತಕಾರ ದಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ‘ಗಂಡು’ ಮತ್ತು ‘ಕಂಡು’ ಎರಡನ್ನೂ ಒಂದೇ ರೀತಿ ಬರೆಯಬೇಕಾಗುತ್ತದೆ. ಮದುವೆಯ ಪತ್ರಿಕೆಯಲ್ಲಿ ಇದು ಸಣ್ಣ ತೊಡಕಲ್ಲ. ತಮಿಳಿನ ಸ್ವಂತ ವರ್ಣಮಾಲೆಯಲ್ಲಿ ಹಕಾರವೂ ಇಲ್ಲವಾದ್ದರಿಂದ ಕನ್ನಡದ ‘ಹೂ’ ಎಂಬ ಒಂದಕ್ಷರವನ್ನು ಬರೆಯಲು ಗ್ರಂಥಾಕ್ಷರದ ನೆರವು ಬೇಕು.

ಈ ಇಕ್ಕಟ್ಟಿಗೆ ಮೂರು ದಾರಿಗಳಿವೆ. ಪೂರ್ತಿ ತಮಿಳಿನಲ್ಲಿ ಅಚ್ಚು ಹಾಕಿಸುವುದು ಒಂದು. ಬರುವವರೆಲ್ಲ ಓದುತ್ತಾರೆ, ಆದರೆ ಮನೆಮಾತಿನ ಗುರುತು ಉಳಿಯದು. ಪೂರ್ತಿ ಕನ್ನಡದಲ್ಲಿ ಹಾಕಿಸುವುದು ಎರಡನೆಯದು. ಕರೆಸಿಕೊಂಡವರೇ ಓದಲಾರದ ಕರೆಯೋಲೆ ಕರೆದಂತಾಗದು. ಮೂರನೆಯದು ಎರಡನ್ನೂ ಒಂದೇ ಹಾಳೆಯಲ್ಲಿ ತರುವುದು. ಸ್ಥಳ, ದಿನ, ಮುಹೂರ್ತ ಎಲ್ಲರಿಗೂ ತಿಳಿಯುವ ತಮಿಳಿನಲ್ಲಿರಲಿ. ಕುಲದೇವತೆಯ ಹೆಸರು, ವಧೂವರರ ಹೆಸರು, ಹಿರಿಯರ ಹರಕೆ ಕನ್ನಡದಲ್ಲಿರಲಿ. ಇದು ಕದಂಬದ ನ್ಯಾಯ. ಮಲ್ಲಿಗೆಯೂ ಕನಕಾಂಬರವೂ ಒಂದೇ ನಾರಿನಲ್ಲಿ ತಮ್ಮ ತಮ್ಮ ಗುಣವನ್ನು ಉಳಿಸಿಕೊಳ್ಳುತ್ತವೆ.

ಆಯ್ಕೆಯ ವಿವೇಕ

ಇಷ್ಟರಿಂದ ಕೆಲವು ಸರಳ ಸೂತ್ರಗಳು ದೊರೆಯುತ್ತವೆ. ಹೂವನ್ನು ಆರಿಸುವವರು ಪಡೆಯುವ ಮನೆಯ ದೇವರನ್ನೂ ನಡವಳಿಕೆಯನ್ನೂ ವಿಚಾರಿಸಬೇಕು. ಹೂವು ಅರಳುವ ಹೊತ್ತನ್ನು ಕಾರ್ಯದ ಹೊತ್ತಿಗೆ ಹೊಂದಿಸಬೇಕು. ಗಡಿಯ ಪೇಟೆಯಲ್ಲಿ ಹೆಸರನ್ನು ಹೇಳಿ ಸುಮ್ಮನಾಗದೆ ಹೂವನ್ನು ಕಣ್ಣಾರೆ ನೋಡಬೇಕು. ಓಲೆಯನ್ನು ಬರೆಯಿಸುವವರು ಅದನ್ನು ಯಾರು ಓದುತ್ತಾರೆ ಎಂಬುದರ ಜತೆಗೆ ಐವತ್ತು ವರ್ಷಗಳ ಅನಂತರ ಅದನ್ನು ಪೆಟ್ಟಿಗೆಯಿಂದ ತೆಗೆದು ನೋಡುವವರು ಯಾರೆಂಬುದನ್ನೂ ಯೋಚಿಸಬೇಕು. ಹೂವು ಮರುದಿನ ಬಾಡುತ್ತದೆ. ಲಗ್ನಪತ್ರಿಕೆಯನ್ನು ಮನೆಯವರು ಎತ್ತಿಡುತ್ತಾರೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವೂ ಇದೆ. ಗಡಿಯಾಚೆಯ ನೆಂಟರ, ಗೆಳೆಯರ ಮನೆಯ ಹಳೆಯ ಲಗ್ನಪತ್ರಿಕೆಗಳನ್ನು ಕೇಳಿ ನೋಡಿದರೆ, ಯಾವ ತಲೆಮಾರಿನವರೆಗೆ ಕನ್ನಡ ಲಿಪಿ ಇತ್ತು, ಯಾವ ಭಾಗ ಮೊದಲು ತಮಿಳಿಗೆ ಹೋಯಿತು, ಯಾವ ಪದ ಕೊನೆಯವರೆಗೆ ಉಳಿಯಿತು ಎಂಬುದು ತಿಳಿಯುತ್ತದೆ. ಅಂಥ ಮನೆಯ ಮದುವೆಗೆ ಹೋಗುವವರು ಉಡುಗೊರೆಯ ಜತೆಗೆ ಒಂದು ಸಾಲಿನ ಕನ್ನಡವನ್ನು ಕೈಬರಹದಲ್ಲಿ ಬರೆದು ಕೊಟ್ಟು, ಅದನ್ನು ಓದಿಯೂ ಹೇಳಬಹುದು. ಅಲ್ಲಿಯ ಅಜ್ಜಿಗೆ ಅದು ಅರ್ಥವಾಗುತ್ತದೆ; ಮೊಮ್ಮಗಳು ತಾನಾಡುವ ಮಾತಿನ ಅಕ್ಷರ ಹೇಗಿದೆಯೆಂದು ನೋಡುತ್ತಾಳೆ. ದೊಡ್ಡದನ್ನು ಕೊಡಲಾಗದಿದ್ದಾಗ ‘ಹೂವಲ್ಲದಿದ್ದರೆ ಹೂವಿನ ಎಸಳಾದರೂ’ ಎಂದು ಕನ್ನಡದಲ್ಲಿ ಹೇಳುವುದುಂಟು; ಮರಾಠಿಯಲ್ಲಿಯೂ ‘ಫೂಲ್ ನಾಹೀ, ಫುಲಾಚೀ ಪಾಕಳೀ’ ಎನ್ನುತ್ತಾರೆ. ಇಡೀ ಭಾಷೆಯನ್ನು ಯಾರೂ ಉಡುಗೊರೆಯಾಗಿ ಕೊಡಲಾರರು. ಒಂದು ಸಾಲನ್ನು ಕೊಡಬಹುದು.